ಕಣ್ಣು ಮುಚ್ಚಿ ಆಡಿದ ಜಗಳ

ನಮ್ಮ ಮನೆಯಲ್ಲಿ ಜಗಳಗಳೆಲ್ಲ ಕಣ್ಣು ಮುಚ್ಚಿಕೊಂಡೇ ನಡೆಯುತ್ತಿದ್ದವು. ಉಗಾರ ಖುರ್ದದಲ್ಲಿ ಸಕ್ಕರೆ ಕಾರ್ಖಾನೆಯ ಹಿಂದಿನ ಓಣಿ ನಮ್ಮದು. ಬೇರೆ ಮನೆಗಳ ಅತ್ತೆ-ಸೊಸೆಯರು ನಳದ ಹತ್ತಿರ ಕೊಡ ಇಳಿಸಿ, ಕೈ ತಿರುವಿ, ಓಣಿಗೆಲ್ಲ ಕೇಳುವಂತೆ ಆಡುತ್ತಿದ್ದ ಮಾತುಗಳನ್ನು ನಮ್ಮ ಮನೆಯವರು ಸಂಜೆ ಪ್ರಾರ್ಥನೆಗೆ ಮಂಡಿಯೂರಿ ದೇವರಿಗೆ ಹೇಳುತ್ತಿದ್ದರು. ಅಪ್ಪನ ತಾಯಿಯನ್ನು ನಾವು ಆಯಿ ಎಂದು ಕರೆಯುತ್ತಿದ್ದೆವು. ವಿಶ್ವಾಸಿಗಳ ಮನೆಯಿಂದ ಸಿಟ್ಟಿನ ದನಿ ಹೊಸ್ತಿಲು ದಾಟಬಾರದು ಎಂಬುದು ಆಯಿಯ ಕಟ್ಟುನಿಟ್ಟು. ಹಾಗಾಗಿ ಅವಳು ಅವ್ವನಿಗೆ ಎಂದೂ ಎದುರಿಗೆ ಏನೂ ಅಂದವಳಲ್ಲ. ದೀಪ ಹಚ್ಚುವ ಹೊತ್ತಿಗೆ ಮುಂದಿನ ಕೋಣೆಯಲ್ಲಿ ಚಾಪೆ ಹಾಸಿ, ಅಪ್ಪ ಬೈಬಲಿನ ವಾಕ್ಯ ಓದಿ ಮುಗಿಸಿದ ಮೇಲೆ, ಒಬ್ಬೊಬ್ಬರಾಗಿ ಪ್ರಾರ್ಥನೆ ಮಾಡುವ ಪದ್ಧತಿ. ಮೊದಲು ಆಯಿ. ಓಣಿಯಲ್ಲಿ ಕಾಯಿಲೆ ಬಿದ್ದ ಜಡ್ಡಿನವರು, ಪಾಸ್ಟರು, ದೇಶದ ಮಂತ್ರಿಗಳು ಎಲ್ಲರೂ ಮುಗಿದ ಮೇಲೆ ಅವಳ ದನಿ ಸ್ವಲ್ಪ ಇಳಿಯುತ್ತಿತ್ತು. ಆಗ ನಮಗೆಲ್ಲ ಗೊತ್ತಾಗುತ್ತಿತ್ತು, ಈಗ ಮನೆಯ ವಿಷಯ ಬಂತು ಎಂದು.

"ಕರ್ತನೇ, ಈ ಮನ್ಯಾಗ ಉಪ್ಪಿನ ಡಬ್ಬಿ ಯಾರ ಕೈಯಾಗ ಐತಿ, ಅವರಿಗೆ ಒಂಚೂರು ಹಗುರ ಕೈ ಕೊಡಪಾ."

ಆಮೇಲೆ ಅವ್ವನ ಸರದಿ.

"ತಂದೀ, ಬಾಯಿ ರುಚಿ ಕೆಟ್ಟವರಿಗೆ ಲಗೂನ ಆರಾಮ ಮಾಡು."

ಅಷ್ಟರಲ್ಲಿ ಅಪ್ಪ ಆಮೆನ್ ಅನ್ನುತ್ತಿದ್ದ, ಪಕ್ಕದ ಮನೆಯ ಎಮ್ಮೆ ಮೆಲುಕು ಹಾಕುವುದನ್ನು ಬಿಟ್ಟು ತಲೆ ಎತ್ತುವಷ್ಟು ಜೋರಾಗಿ. ಕಾರ್ಖಾನೆಯಲ್ಲಿ ಪಾಳಿಯ ಕೆಲಸ ಮಾಡಿ ದಣಿದು ಬರುತ್ತಿದ್ದ ಅಪ್ಪನಿಗೆ ಈ ಎರಡು ಪ್ರಾರ್ಥನೆಗಳ ನಡುವೆ ಸಿಕ್ಕಿಕೊಳ್ಳುವುದು ಬೇಡವಾಗಿತ್ತು. ಆಮೆನ್ ಆದ ಮೇಲೆ ಯಾರೂ ಆ ಮಾತು ಎತ್ತುವ ಹಾಗಿರಲಿಲ್ಲ. ದೇವರಿಗೆ ಹೇಳಿದ್ದಕ್ಕೆ ಮನುಷ್ಯರು ಹೇಗೆ ಜವಾಬು ಕೊಡುವುದು? ಪ್ರಾರ್ಥನೆಯ ನಡುವೆ ನಾನು ಕಣ್ಣು ತೆರೆದರೆ ಆಯಿಗೆ ಹೇಗೋ ಗೊತ್ತಾಗಿ ತಲೆಗೆ ಗೆಣ್ಣಿನಿಂದ ಕುಟ್ಟುತ್ತಿದ್ದಳು. ನನ್ನನ್ನು ಕಾಣಬೇಕಾದರೆ ಅವಳ ಕಣ್ಣೂ ತೆರೆದಿರಲೇಬೇಕಲ್ಲ ಎಂದು ನನಗೆ ಹೊಳೆದದ್ದು ಬಹಳ ವರ್ಷಗಳ ಮೇಲೆ.

ಇದನ್ನೆಲ್ಲ ಓದಿ ಆಯಿ ಕೆಟ್ಟ ಹೆಂಗಸು ಎಂದು ಯಾರೂ ತಿಳಿಯಬಾರದು. ನಮ್ಮ ಮನೆಯಲ್ಲಿ ನಂಬಿಕೆ ಎಂಬುದು ಇದ್ದರೆ ಅದು ಅವಳಿಂದ ಬಂದದ್ದು. ಅವಳ ಹೊರಸಿನ ತಲೆದೆಸೆಯಲ್ಲಿ ಒಂದು ಮಣ್ಣಿನ ಗಡಿಗೆ ಇರುತ್ತಿತ್ತು, ಮೇಲೆ ಹಿತ್ತಾಳೆಯ ತಟ್ಟೆ ಮುಚ್ಚಿ. ಅದು ಹಿಡಿಯ ಗಡಿಗೆ. ನಮ್ಮ ಚರ್ಚಿನ ಸಭೆಯ ಹೆಂಗಸರು ಬೆಳಗ್ಗೆ, ಸಂಜೆ ಒಲೆ ಹೊತ್ತಿಸುವ ಮುಂಚೆ ಒಂದು ಹಿಡಿ ಜೋಳವನ್ನು ದೇವರ ಪಾಲು ಎಂದು ತೆಗೆದಿಡುತ್ತಿದ್ದರು. ಭಾನುವಾರ ಅದನ್ನೆಲ್ಲ ಚರ್ಚಿಗೆ ಒಯ್ದು ಬುಟ್ಟಿಗೆ ಸುರಿಯುವುದು. ಅದರಲ್ಲಿ ಪಾಸ್ಟರ ಮನೆಗೂ, ಹಿಂದೆ ಮುಂದೆ ಯಾರೂ ಇಲ್ಲದ ಇಬ್ಬರು ಮುದುಕಿಯರಿಗೂ ಕಾಳು ಹೋಗುತ್ತಿತ್ತು. ಮನೆಯಲ್ಲಿ ಜೋಳ ತಳಕ್ಕೆ ಬಂದು, ಒಂದೊಂದು ರೊಟ್ಟಿಯನ್ನು ಇಬ್ಬರು ಹಂಚಿಕೊಂಡ ದಿನವೂ ಆಯಿ ಹಿಡಿ ತಪ್ಪಿಸಿದವಳಲ್ಲ. ಗಡಿಗೆಯ ಒಳಗೆ ಒಂದು ಕಪ್ಪು ಉಂಗುರದ ಗುರುತಿತ್ತು. ಶನಿವಾರ ಸಂಜೆಗೆ ಜೋಳ ಸರಿಯಾಗಿ ಆ ಉಂಗುರ ಮುಟ್ಟಬೇಕು. ಮುಟ್ಟಿದ್ದನ್ನು ನೋಡಿ ತಟ್ಟೆ ಮುಚ್ಚುವಾಗ ಆಯಿಯ ಮುಖದ ಮೇಲೆ ಬರುತ್ತಿದ್ದ ಸಮಾಧಾನ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ.

ನನಗೆ ಆಗ ಒಂಬತ್ತೋ ಹತ್ತೋ ವರ್ಷ. ಕಬ್ಬು ಅರೆಯುವ ಹಂಗಾಮು. ಓಣಿಯ ತುಂಬ ಕಾಕಂಬಿಯ ವಾಸನೆ, ಬೆಳಗಿನಿಂದ ಕಬ್ಬಿನ ಗಾಡಿಗಳ ಸಾಲು. ಆ ದಿನಗಳಲ್ಲೇ ಶೇಡಬಾಳದ ಕಡೆಯಿಂದ ಒಬ್ಬ ಮುದುಕಿ ಬುಟ್ಟಿಯಲ್ಲಿ ಬಾರಿಹಣ್ಣು, ಎಂದರೆ ಎಲಚಿಹಣ್ಣು, ಹೊತ್ತು ಬಂದು ಶಾಲೆಯ ಗೋಡೆಯ ಪಕ್ಕ ಕೂರುತ್ತಿದ್ದಳು. ಅವಳು ರೊಕ್ಕ ಕೇಳುತ್ತಿರಲಿಲ್ಲ. ಒಂದು ಬೊಗಸೆ ಜೋಳ ಸುರಿದರೆ ಒಂದು ಬೊಗಸೆ ಹಣ್ಣು. ನನ್ನ ಜೊತೆಯ ಹುಡುಗಿಯರು ಫ್ರಾಕಿನ ಜೇಬಿನಲ್ಲಿ ಜೋಳ ತಂದು, ಹಣ್ಣಿಗೆ ಉಪ್ಪು-ಖಾರ ಹಚ್ಚಿ, ನನ್ನ ಮುಂದೆಯೇ ಬೀಜ ಚೀಪುತ್ತಿದ್ದರು. ನಮ್ಮ ಮನೆಯ ಜೋಳದ ಚೀಲದ ಬಾಯನ್ನು ಅವ್ವ ಬಿಗಿಯಾಗಿ ಕಟ್ಟಿಡುತ್ತಿದ್ದಳು. ಹಿಡಿಯ ಗಡಿಗೆಗೆ ಬರೀ ಒಂದು ತಟ್ಟೆ. ಮೊದಲ ಸಲ ತೆಗೆಯುವಾಗ ಎರಡೆರಡು ಸಲ ಬಾಗಿಲ ಕಡೆ ನೋಡಿದೆ. ಎರಡನೆಯ ಸಲ, ದೇವರಿಗೆ ಇಷ್ಟು ಮನೆಗಳಿಂದ ಜೋಳ ಹೋಗುತ್ತದೆ, ಒಂದು ಬೊಗಸೆ ಕಡಿಮೆಯಾದರೆ ಅವನೇನು ಉಪವಾಸ ಇರುತ್ತಾನೆಯೇ ಎಂದು ನನಗೆ ನಾನೇ ಹೇಳಿಕೊಂಡೆ. ಮೂರನೆಯ ಸಲ ಏನೂ ಹೇಳಿಕೊಳ್ಳಲಿಲ್ಲ. ಪಾಪದ ದಾರಿ ಹೇಗಿರುತ್ತದೆ ಎಂದು ನಂತರ ಪಾಸ್ಟರ ಬಾಯಿಂದ ಎಷ್ಟೋ ಪ್ರಸಂಗ ಕೇಳಿದ್ದೇನೆ. ಅದನ್ನೆಲ್ಲ ಆ ಒಂದು ವಾರದಲ್ಲೇ ಕಲಿತಿದ್ದೆ.

ಆ ಶನಿವಾರ ಜೋಳ ಉಂಗುರ ಮುಟ್ಟಲಿಲ್ಲ. ಆಯಿ ತಟ್ಟೆ ಕೈಯಲ್ಲಿ ಹಿಡಿದು ಬಹಳ ಹೊತ್ತು ಗಡಿಗೆಯೊಳಗೆ ನೋಡಿದಳು. ಅದೇ ವಾರ ಅವ್ವನ ತಮ್ಮ ಅಥಣಿಯ ಕಡೆಯಿಂದ ಬಂದು ಎರಡು ದಿನ ಇದ್ದು ಹೋಗಿದ್ದ. ಮಳೆಗಾಲದಲ್ಲಿ ಅವ್ವನ ತಾಯಿ ತೀರಿಕೊಂಡಿದ್ದಳು. ಒಬ್ಬನೇ ಬೇಯಿಸಿಕೊಂಡು ತಿನ್ನುತ್ತಿದ್ದ ತಮ್ಮನಿಗೆ ಅವ್ವ ಹೋಗುವಾಗ ಒಂದು ಕೈಚೀಲದಲ್ಲಿ ಒಣಗಿಸಿದ ಕಟಿ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಟ್ಟಿದ್ದಳು. ಆ ಚೀಲವನ್ನು ಆಯಿ ನೋಡಿದ್ದಳು. ಚೀಲದಲ್ಲಿ ಏನಿತ್ತು ಎಂದು ಕೇಳಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಕೇಳುವುದೆಂದರೆ ಜಗಳ, ಜಗಳ ವಿಶ್ವಾಸಿಗಳಿಗೆ ತರವಲ್ಲ. ಆಯಿ ಸಂಜೆಯವರೆಗೆ ಕಾದಳು.

"ಕರ್ತನೇ, ನಿನ್ನ ಹಿಡಿಗೆ ಕೈ ಹಾಕಿದವರು ಈ ಚಾಪಿ ಮ್ಯಾಲೆ ಕುಂತಾರ. ತವರಿನ ಮಾಯಾ ಅವರ ಕಣ್ಣ ಕಟ್ಟೇತಿ. ಅವರ ಮನಸ್ಸ ತಿರುಗಸು. ನಾ ಅವರಿಗೆ ಕ್ಷಮಾ ಮಾಡೀನಿ, ನೀನೂ ಮಾಡು."

ನಾನು ಕಣ್ಣು ಗಟ್ಟಿಯಾಗಿ ಮುಚ್ಚಿದ್ದೆ. ಆ ಮಾತು ನನಗೇ ಎಂದುಕೊಂಡೆ. ತವರು ಎಂದಾಗ ಅದು ಅವ್ವನಿಗೆ ಎಂದು ತಿಳಿಯಿತು. ಅವ್ವನ ಸರದಿ ಬಂತು. ಅವಳು ಆ ದಿನ ಪ್ರಾರ್ಥನೆ ಮಾಡಲೇ ಇಲ್ಲ. ಅಪ್ಪನಿಗೂ ಆಮೆನ್ ಬೇಗ ಬರಲಿಲ್ಲ. ಮರುದಿನ ಸಂಜೆ ಮತ್ತೆ ಅದೇ ಪ್ರಾರ್ಥನೆ. ಅದರ ಮರುದಿನವೂ. ಒಪ್ಪಿಕೊಳ್ಳುವ ತನಕ ಬಿಡಬಾರದು, ಅದು ಆ ಆತ್ಮದ ಒಳ್ಳೆಯದಕ್ಕೇ ಎಂದು ಆಯಿ ಮನಸಾರೆ ನಂಬಿದ್ದಳು. ಅಪ್ಪ ಒಮ್ಮೆ ಆಯಿಗೆ, ಇಲಿ ತಿಂದಿರಬೇಕು ಬಿಡವ್ವಾ ಅಂದ. ಇಲಿ ತಟ್ಟೆ ಮುಚ್ಚಿಟ್ಟು ಹೋಗುವುದಿಲ್ಲ ಎಂದು ಆಯಿ ಹೇಳಿದಳು.

ಬುಧವಾರ ಅವ್ವ ಹಿತ್ತಿಲ ಕಲ್ಲಿನ ಮೇಲೆ ನನ್ನ ಫ್ರಾಕು ಒಗೆಯುತ್ತಿದ್ದವಳು ಜೇಬನ್ನು ಹೊರಳಿಸಿ ಒಮ್ಮೆಲೇ ನಿಂತಳು. ಜೇಬಿನ ಹೊಲಿಗೆಯಲ್ಲಿ ಜೋಳದ ಕಾಳು ಸಿಕ್ಕಿಕೊಂಡಿದ್ದವು. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಅವಳು ನನ್ನನ್ನು ಕರೆಯಲಿಲ್ಲ, ಬೈಯಲಿಲ್ಲ. ಕಾಳುಗಳನ್ನು ಬಿಡಿಸಿ ಒಳಗೆ ತಂದು, ನನ್ನ ಪಾಟಿಚೀಲ ಇಡುತ್ತಿದ್ದ ಗೋಡೆಯ ಗೂಡಿನಲ್ಲಿ ಸಾಲಾಗಿ ಇಟ್ಟಳು. ಏಳು ಕಾಳು. ದಿನಾ ಬೆಳಗ್ಗೆ ಚೀಲ ತೆಗೆಯುವಾಗ, ಸಂಜೆ ಇಡುವಾಗ ಅವು ಅಲ್ಲೇ ಇರುತ್ತಿದ್ದವು. ಅವ್ವ ಎಂದಿನಂತೆ ನನ್ನ ಜಡೆ ಹಾಕಿದಳು, ರೊಟ್ಟಿಗೆ ಬೆಣ್ಣೆ ಹಚ್ಚಿ ಕೊಟ್ಟಳು. ಸಂಜೆ ಆಯಿಯ ಪ್ರಾರ್ಥನೆಯಲ್ಲಿ ತಲೆ ತಗ್ಗಿಸಿ ಎಲ್ಲವನ್ನೂ ಕೇಳಿದಳು. ಒಂದು ಮಾತು ಹೇಳಿದ್ದರೆ ಅವಳು ಅಲ್ಲಿಗೇ ಪಾರಾಗುತ್ತಿದ್ದಳು. ನಾನೇ ಹೇಳಲಿ ಎಂದು ಅವಳು ಕಾಯುತ್ತಿದ್ದಾಳೆ ಎಂಬುದು ನನಗೆ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿದ್ದೆ. ಆಯಿಯ ಗೆಣ್ಣಿನ ಪೆಟ್ಟಿಗೆ ಹೆದರಿ ಅಲ್ಲ. ಚರ್ಚಿನಲ್ಲಿ ಎಲ್ಲ ಮಕ್ಕಳಿಗಿಂತ ಚೆನ್ನಾಗಿ ವಾಕ್ಯ ಒಪ್ಪಿಸುವ ಹುಡುಗಿ ನಾನು. ಆಯಿ ನನ್ನನ್ನು ತೋರಿಸಿ, ನಮ್ಮ ಕರುಣಾ ಎಂದು ಹೇಳುವಾಗಿನ ಆ ದನಿ ಹೋಗಿಬಿಡುತ್ತದಲ್ಲ ಎಂಬ ಭಯ.

ಆಗ ನಮ್ಮ ಪಾಸ್ಟರು ಐದಾರು ಊರಿಗೆ ಒಬ್ಬರೇ. ಹಾಗಾಗಿ ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚುವ ಕರ್ತನ ಭೋಜನ ನಮಗೆ ಮೂರು ತಿಂಗಳಿಗೊಮ್ಮೆ ಸಿಗುತ್ತಿತ್ತು. ಅದರ ಹಿಂದಿನ ದಿನ ಅವರು ಸೈಕಲ್ಲಿನ ಮೇಲೆ ಮನೆಮನೆಗೂ ಬಂದು, ಮನಸ್ತಾಪ ಇದ್ದವರನ್ನು ಕೂರಿಸಿ ಮಾತಾಡಿಸಿ ಸಮಾಧಾನ ಮಾಡುತ್ತಿದ್ದರು. ಸಮಾಧಾನವಾಗದೆ ರೊಟ್ಟಿಗೆ ಕೈ ಚಾಚಬಾರದು ಎಂಬುದು ಸಭೆಯ ನಿಯಮ. ಕಳೆದ ಸಲ ಅವ್ವ ತಾಯಿಯ ಮಣ್ಣಿಗೆ ಹೋಗಿ ಭೋಜನ ತಪ್ಪಿಸಿಕೊಂಡಿದ್ದಳು. ತಾಯಿ ಹೋದ ಮೇಲಿನ ಮೊದಲ ಭೋಜನ ಬರುವ ಭಾನುವಾರವೇ ಇತ್ತು. ಅದಕ್ಕಾಗಿ ಬಿಳಿ ಸೀರೆಯನ್ನು ಗಂಜಿ ಹಾಕಿ, ಮಡಚಿ, ಗಾದಿಯ ಕೆಳಗೆ ಇಟ್ಟು ದಿನ ಎಣಿಸುತ್ತಿದ್ದಳು. ಶನಿವಾರ ಪಾಸ್ಟರು ನಮ್ಮ ಮನೆಗೆ ಬಂದಾಗ ನಾನು ಬಾಗಿಲ ಹಿಂದೆ ಇದ್ದೆ. ಎಲ್ಲರೂ ಸಮಾಧಾನದಲ್ಲಿದ್ದೀರಾ ಎಂದು ಅವರು ಕೇಳಿದರು. ನಾನಂತೂ ಕ್ಷಮಿಸಿದ್ದೇನೆ ಎಂದು ಆಯಿ ಹೇಳಿದಳು. ಅವ್ವ ಚಹಾದ ಕಪ್ಪು ಅವರ ಮುಂದೆ ಇಟ್ಟು ಸೆರಗು ಸರಿಮಾಡಿಕೊಂಡಳು.

"ನಾ ನಾಳೆ ಬರೂದಿಲ್ರಿ. ಮಾಡಲಾರದ್ದಕ್ಕ ಕ್ಷಮಾ ತಗೊಂಡು ಹೆಂಗ ಬರ್ಲಿರಿ?"

ಪಾಸ್ಟರು ಚಹಾ ಆರುವ ತನಕ ಕಪ್ಪನ್ನು ಮುಟ್ಟಲಿಲ್ಲ. ಆಯಿ ಮೇಲೆ ನೋಡಿ ತುಟಿ ಅಲುಗಿಸುತ್ತಿದ್ದಳು.

ಭಾನುವಾರ ಬೆಳಗ್ಗೆ ಬಿಳಿ ಸೀರೆ ಗಾದಿಯ ಕೆಳಗೇ ಉಳಿಯಿತು. ಅವ್ವ ಹಳೆಯ ಇಳಕಲ್ ಸೀರೆಯಲ್ಲಿ ಒಲೆಯ ಮುಂದೆ ಕೂತು ಹಿಟ್ಟು ನಾದಲು ಶುರು ಮಾಡಿದ್ದಳು. ನಾವು ಹೊರಡುವಾಗ ನನ್ನ ಕಡೆ ನೋಡಲಿಲ್ಲ. ನಾನು ಗೂಡಿನಿಂದ ಏಳು ಕಾಳನ್ನು ತೆಗೆದು ಮುಷ್ಟಿಯಲ್ಲಿ ಹಿಡಿದು ಚರ್ಚಿಗೆ ಹೋದೆ. ಏಕೆ ತೆಗೆದೆ ಎಂದು ಕೇಳಿದರೆ ಇವತ್ತಿಗೂ ಹೇಳಲಾರೆ. ಧೈರ್ಯ ಬಂದಿತ್ತು ಎಂದರೆ ಸುಳ್ಳಾಗುತ್ತದೆ. ದಾರಿಯಲ್ಲಿ ಕಬ್ಬಿನ ಗಾಡಿಯ ಕೆಳಗೆ ಚೆಲ್ಲಿಬಿಡಬೇಕು ಎಂದೂ ಮನಸ್ಸಿನಲ್ಲಿತ್ತು. ಚರ್ಚಿನಲ್ಲಿ ಮಕ್ಕಳ ಸಾಲು ಮುಂದೆ, ಎಡಕ್ಕೆ ಜಮಖಾನೆಯ ಮೇಲೆ ಹೆಂಗಸರು. ಪ್ರಸಂಗ ಮುಗಿದು, ಬಿಳಿ ಬಟ್ಟೆ ಮುಚ್ಚಿದ ಮೇಜಿನ ಮುಂದೆ ಪಾಸ್ಟರು ನಿಂತು, ಎಲ್ಲರೂ ತಮ್ಮ ತಮ್ಮ ಹೃದಯ ನೋಡಿಕೊಳ್ಳಲಿ ಎಂದು ಹೇಳಿ ಸುಮ್ಮನಾದರು. ಆಯಿ ಮೊದಲ ಸಾಲಿನಲ್ಲಿ ಮಂಡಿಯೂರಿ, ಕಣ್ಣು ಮುಚ್ಚಿ, ರೊಟ್ಟಿಗಾಗಿ ಎರಡೂ ಅಂಗೈ ಕೂಡಿಸಿ ಚಾಚಿದ್ದಳು. ಆ ಅಂಗೈ ನೋಡಿದೆ. ನನಗೆ ಜ್ವರ ಬಂದಾಗ ಹಣೆಯ ಮೇಲೆ ಇರುತ್ತಿದ್ದ ಅಂಗೈ. ನಾನು ಮಕ್ಕಳ ಸಾಲಿನಿಂದ ಎದ್ದು, ಬಗ್ಗಿ ನಡೆದು, ಏಳು ಕಾಳನ್ನು ಅದರೊಳಗೆ ಹಾಕಿದೆ.

ಆಯಿ ಕಣ್ಣು ತೆರೆದಳು.

"ಹಿಡಿ ಜ್ವಾಳ ನಾ ತಗೊಂಡಿದ್ದೆ ಆಯಿ. ಬಾರಿಹಣ್ಣಿಗೆ."

ಅವಳು ಕಾಳನ್ನು ನೋಡಿದಳು, ನನ್ನನ್ನು ನೋಡಿದಳು. ಪಾಸ್ಟರು ತಟ್ಟೆ ಹಿಡಿದು ಸಾಲಿನ ಆ ತುದಿಗೆ ಬಂದಿದ್ದರು. ಆಯಿ ಮುಷ್ಟಿ ಮಡಚಿ ಎದ್ದು ನಿಂತಳು. ಸಭೆಗೆ ಸಭೆಯೇ ನೋಡುತ್ತಿರುವಾಗ ನನ್ನ ಮುಂಗೈ ಹಿಡಿದು ನಡುದಾರಿಯಲ್ಲಿ ಹೊರಗೆ ನಡೆದಳು. ಚಪ್ಪಲಿ ಮೆಟ್ಟಿಲ ಮೇಲೇ ಉಳಿದವು. ಏಟು ಈಗ ಬೀಳುತ್ತದೆ, ಆ ತಿರುವಿನಲ್ಲಿ ಬೀಳುತ್ತದೆ ಎಂದು ನಾನು ಕಾದೆ. ನೀರಿನ ಬೋರಿಂಗಿನ ಕಟ್ಟೆಯ ಹತ್ತಿರ ಬಂದಾಗ ಅವಳು ಏದುಸಿರು ಬಿಡುತ್ತ ಅಲ್ಲೇ ಕೂತಳು.

"ನಿಮ್ಮವ್ವಗ ಗೊತ್ತೈತೇನ ಇದು?"

"ಗೊತ್ತೈತಿ."

"ಮತ್ತ ಆಕಿ ನನಗ್ಯಾಕ ಹೇಳಲಿಲ್ಲ?"

"ನೀ ಕಣ್ಣ ಮುಚ್ಚಿರತಿದ್ದೆಲ್ಲ ಆಯಿ."

ನಾನು ಎದುರುತ್ತರ ಕೊಟ್ಟದ್ದಲ್ಲ. ನನಗೆ ಕಂಡದ್ದನ್ನು ಹೇಳಿದ್ದೆ, ಅಷ್ಟೇ. ಆಯಿ ತನ್ನ ಬರಿಗಾಲನ್ನು ನೋಡಿಕೊಂಡಳು, ಎದ್ದು ಮನೆಯ ಕಡೆ ನಡೆದಳು.

ಮನೆಗೆ ಬಂದಾಗ ಅವ್ವ ರೊಟ್ಟಿ ತಟ್ಟುತ್ತಿದ್ದಳು. ಇಷ್ಟು ಬೇಗ ಬಂದದ್ದು ನೋಡಿ ಅವಳ ಕೈ ನಿಂತಿತು. ಆಯಿ ಅಡಿಗೆಮನೆಯ ಹೊಸ್ತಿಲಲ್ಲಿ ನಿಂತು, ರೂಢಿಯಂತೆ ಕೈ ಜೋಡಿಸಿ, ಕಣ್ಣು ಮುಚ್ಚಿ, ಕರ್ತನೇ ಎಂದಳು. ಅಲ್ಲಿಗೇ ನಿಲ್ಲಿಸಿದಳು. ಕಣ್ಣು ತೆರೆಯಲು ಅವಳಿಗೆ ಎಷ್ಟು ಕಷ್ಟವಾಯಿತು ಎಂದು ನಾನು ಪಕ್ಕದಲ್ಲೇ ನಿಂತು ನೋಡಿದ್ದೇನೆ. ಅರವತ್ತು ದಾಟಿದ ಹೆಂಗಸು, ಕಲಿಯದ ಕೆಲಸಕ್ಕೆ ಮೊದಲ ಸಲ ಕೈ ಹಾಕಿದವರಂತೆ ತಡವರಿಸಿದಳು.

"ಎಸ್ತೇರ."

"ಏನ್ರಿ ಅತ್ತಿ?"

"ಜ್ವಾಳ ನೀ ತಗೊಂಡಿಲ್ಲ. ನಾ ದೇವರ ಮುಂದ ಕುಂತು ನಿನ್ನ ಮ್ಯಾಲ ಚಾಡಿ ಹೇಳೀನಿ. ಒಂದ ವಾರ ದಿನಾ ಹೇಳೀನಿ. ಅವನ ಕಡೆ ಆಮ್ಯಾಲ ಕೇಳತೀನಿ. ಮೊದಲ ನಿನ್ನ ಕಡೆ ಕ್ಷಮಾ ಕೇಳಬೇಕು."

ಅವ್ವ ಹಂಚಿನ ಮೇಲಿನ ರೊಟ್ಟಿಯನ್ನು ತಿರುವಿ ಹಾಕಿದಳು. ಅದು ಉಬ್ಬಿ ಇಳಿದ ಮೇಲೆ ಬುಟ್ಟಿಗೆ ಹಾಕಿದಳು.

"ನನಗ ಭಾಳ ನೋವಾಗೇತ್ರಿ ಅತ್ತಿ. ಇವತ್ತ ಒಮ್ಮೆಲೆ ಹೋತು ಅಂದ್ರ ಸುಳ್ಳ ಹೇಳಿದಂಗ ಆಕ್ಕೈತಿ. ಕುಂದರ್ರಿ. ಬಿಸಿ ರೊಟ್ಟಿ ತಿನ್ರಿ."

ಆಯಿ ಕೂತಳು. ಅವಳು ಮುಷ್ಟಿ ಬಿಚ್ಚಿ ಏಳು ಕಾಳನ್ನು ಒಲೆಯ ಪಕ್ಕದ ಕಟ್ಟೆಯ ಮೇಲೆ ಇಟ್ಟಾಗ ಅವ್ವ ನನ್ನ ಕಡೆ ತಿರುಗಿದಳು. ಅಷ್ಟೂ ದಿನ ಅಳದ ನನಗೆ ಆಗ ಅಳು ಬಂತು. ಅವ್ವ ಹಿಟ್ಟಿನ ಕೈಯಿಂದಲೇ ನನ್ನನ್ನು ಹತ್ತಿರ ಎಳೆದುಕೊಂಡಳು. ನನ್ನ ಭಾನುವಾರದ ಫ್ರಾಕಿನ ಬೆನ್ನ ಮೇಲೆ ಅವಳ ಐದು ಬೆರಳು ಬೆಳ್ಳಗೆ ಮೂಡಿದವು.

ಆರಾಧನೆ ಮುಗಿದ ಮೇಲೆ ಪಾಸ್ಟರು ಜಡ್ಡಿನವರ ಮನೆಗಳಿಗೆ ಹೋಗಿ ಭೋಜನ ಕೊಡುವ ಪದ್ಧತಿ ಇತ್ತು. ಸಣ್ಣ ಕಟ್ಟಿಗೆಯ ಪೆಟ್ಟಿಗೆಯಲ್ಲಿ ರೊಟ್ಟಿ, ದ್ರಾಕ್ಷಾರಸ ಇಟ್ಟುಕೊಂಡು ಬರುತ್ತಿದ್ದರು. ಮಧ್ಯಾಹ್ನ ಅವರ ಸೈಕಲ್ಲು ನಮ್ಮ ಬಾಗಿಲಿಗೆ ಬಂತು. ಹ್ಯಾಂಡಲಿಗೆ ಆಯಿಯ ಚಪ್ಪಲಿ ತೂಗುತ್ತಿದ್ದವು. ಅಪ್ಪ ಹಿಂದೆ ನಡೆದು ಬರುತ್ತಿದ್ದ. ಪಾಸ್ಟರಿಗೆ ಎಷ್ಟು ಗೊತ್ತಿತ್ತೋ, ಅವರು ಏನನ್ನೂ ಕೆದಕಲಿಲ್ಲ.

"ಇಲ್ಲೆ ಯಾರಿಗೆ ಆರಾಮಿಲ್ರಿ?"

"ನನಗ್ರಿ," ಎಂದಳು ಆಯಿ.

ಅವ್ವ ಬಾಗಿಲ ಹತ್ತಿರವೇ ನಿಂತಿದ್ದಳು. ಒಳಗೆ ಹೋಗಿ ಕೈ ತೊಳೆದುಕೊಂಡು ಬಂದಳು. ಬಿಳಿ ಸೀರೆ ಉಡಲಿಲ್ಲ. ಹಿಟ್ಟು ಮೆತ್ತಿದ ಇಳಕಲ್ ಸೀರೆಯಲ್ಲೇ ಆಯಿಯ ಪಕ್ಕ ಚಾಪೆಯ ಮೇಲೆ ಮಂಡಿಯೂರಿದಳು. ನನಗೆ ಭೋಜನದ ವಯಸ್ಸಾಗಿರಲಿಲ್ಲ. ಪಾಸ್ಟರು ನನ್ನ ತಲೆಯ ಮೇಲೆ ಕೈ ಇಟ್ಟು ಮುಂದೆ ಹೋದರು. ಆ ಕೈ ಎಷ್ಟು ಹಗುರವಾಗಿತ್ತು ಎಂಬುದು ನನಗೆ ಸಿಕ್ಕ ಕೃಪೆಗಳ ಲೆಕ್ಕದಲ್ಲಿ ಮೊದಲನೆಯದು.

ಎರಡನೆಯದು ಮರುದಿನ ಸಿಕ್ಕಿತು. ಆ ಜೋಳ ಯಾರ ಹೊಟ್ಟೆಗೆ ಹೋಗಬೇಕಿತ್ತೋ ಅವರಿಗೇ ಹೇಳಬೇಕು ಎಂದು ಆಯಿ ನನ್ನನ್ನು ಆ ಇಬ್ಬರು ಮುದುಕಿಯರ ಗುಡಿಸಲಿಗೆ ಕರೆದುಕೊಂಡು ಹೋದಳು. ನಾನು ನೆಲ ನೋಡುತ್ತ, ನಿಮ್ಮ ಪಾಲು ಕದ್ದು ಬಾರಿಹಣ್ಣು ತಿಂದೆ ಎಂದು ಹೇಳಿದೆ. ಒಬ್ಬಳಿಗೆ ಕಿವಿ ಕೇಳಿಸಲಿಲ್ಲ. ಇನ್ನೊಬ್ಬಳು ಹಲ್ಲಿಲ್ಲದ ಬಾಯಿ ತೆರೆದು ಕೇಳಿದಳು:

"ಹುಳಿ ಇದ್ವೋ, ಸೀ ಇದ್ವೋ?"

ಸೀ ಇದ್ದವು ಎಂದೆ. ಹಂಗಾದ್ರ ಆತು ಬಿಡು ಎಂದು ನಕ್ಕಳು. ಆಯಿ ನಗಲಿಲ್ಲ. ಆ ದಿನದಿಂದ ಬೆಳಗ್ಗೆ, ಸಂಜೆ ಹಿಡಿ ತೆಗೆದಿಡುವ ಕೆಲಸ ನನ್ನದಾಯಿತು. ಗಡಿಗೆಯನ್ನು ಹೊರಸಿನ ತಲೆದೆಸೆಯಿಂದ ಎತ್ತಿ ಅಡಿಗೆಮನೆಯಲ್ಲಿ ಅವ್ವನ ಕೈಗೆ ಸಿಗುವ ಕಡೆ ಆಯಿಯೇ ಇಟ್ಟಳು.

ಆಮೇಲೆ ನಾನು ದೇವರ ಮಗಳಂತೆ ಬದುಕಿದೆ ಎಂದು ಬರೆಯಲಾರೆ. ಮುಂದಿನ ತಿಂಗಳೇ ಅವ್ವನ ಡಬ್ಬಿಯಿಂದ ಬೆಲ್ಲ ಕದ್ದೆ. ಆದರೆ ಆ ಸಲ ಬಟ್ಟೆ ಒಗೆಯುವ ದಿನದವರೆಗೆ ಕಾಯಲಿಲ್ಲ. ಬಾಯಲ್ಲಿ ಬೆಲ್ಲ ಕರಗುವ ಮುಂಚೆ ಹೋಗಿ ಹೇಳಿದೆ. ಬದಲಾವಣೆ ಎಂದರೆ ನನಗೆ ಗೊತ್ತಿರುವುದು ಅಷ್ಟೇ. ಬೀಳುವುದಕ್ಕೂ ಹೇಳುವುದಕ್ಕೂ ನಡುವಿನ ದಿನಗಳು ಕಡಿಮೆಯಾಗುತ್ತ ಬರುವುದು. ಅವ್ವನ ನೋವೂ ನಿಧಾನಕ್ಕೇ ಇಳಿಯಿತು. ಒಂದು ದಿನ ಅವಳು ಆಯಿಯ ತಲೆಗೆ ಎಣ್ಣೆ ಹಚ್ಚುತ್ತ ಕೂತದ್ದು ಕಂಡೆ. ಅಷ್ಟರಲ್ಲಿ ಕಾರ್ಖಾನೆಯ ಹಂಗಾಮು ಮುಗಿದು ಓಣಿಯಲ್ಲಿ ಕಾಕಂಬಿಯ ವಾಸನೆ ಹೋಗಿತ್ತು.

ಆಯಿಯ ರೂಢಿಯಂತೂ ಸುಲಭಕ್ಕೆ ಬಿಡಲಿಲ್ಲ. ಒಂದು ಸಂಜೆ ಜಡ್ಡಿನವರು, ಪಾಸ್ಟರು, ಮಂತ್ರಿಗಳು ಎಲ್ಲರೂ ಮುಗಿದು ಅವಳ ದನಿ ಇಳಿಯಿತು. ಕರ್ತನೇ, ಈ ಮನ್ಯಾಗ ಎಂದಳು. ಅಪ್ಪ ಆಮೆನ್ ಅನ್ನಲು ಉಸಿರು ಎಳೆದುಕೊಂಡ. ನಾನು ಒಂದು ಕಣ್ಣು ತೆರೆದೆ. ಆಯಿ ಎರಡೂ ಕಣ್ಣು ತೆರೆದು ಚಾಪೆಯ ಆಚೆ ತುದಿಯಲ್ಲಿದ್ದ ಅವ್ವನನ್ನು ನೋಡುತ್ತಿದ್ದಳು.

"ಎಸ್ತೇರ, ಮಧ್ಯಾಹ್ನದ ಸಾರಿನ್ಯಾಗ ಉಪ್ಪ ಜಾಸ್ತಿ ಆಗಿತ್ತ ನೋಡವಾ."

"ಹೌದ್ರಿ ಅತ್ತಿ. ನನಗೂ ಹಂಗ ಅನಸ್ತು. ನಾಳೆ ಕಡಿಮಿ ಹಾಕತೀನ್ರಿ."

ಆಯಿ ಮತ್ತೆ ಕಣ್ಣು ಮುಚ್ಚಿದಳು. ದೇವರಿಗೆ ಹೇಳಲು ಇನ್ನೇನೂ ಉಳಿಯದವಳಂತೆ, ನಿನಗ ಸ್ತೋತ್ರಪಾ ಎಂದಳು. ಅಪ್ಪ ಬೆರಗಾಗಿ ಇಬ್ಬರನ್ನೂ ನೋಡುತ್ತ ಕೂತುಬಿಟ್ಟಿದ್ದ. ಆಮೆನ್ ನಾನೇ ಅಂದೆ.